ಪಿಲ್ಲಾಚಿ ಗೆದ್ದರೆ ನಾವು ಬೀಗರು

ತುತ್‌ಜೋರ್,
ನವೆಂಬರ್ ಹನ್ನೆರಡು, ಬುಧವಾರ

ನನ್ನ ಕಣ್ಬೆಳಕು ಬರ್ನೋಗೆ,

ಮೊದಲು ನಿನ್ನ ಮೈ ಹೇಗಿದೆ ಹೇಳು. ತಾಷ್ಕೆಂಟಿನ ಚಳಿ ನಮ್ಮ ಕಣಿವೆಯ ಚಳಿಯಂತಲ್ಲ, ಹೇಳದೆ ಕೇಳದೆ ಎದೆಯೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂರುವ ಅತಿಥಿ ಅದು. ಹಾಸ್ಟೆಲಿನ ಕಿಟಕಿಯ ಸಂದಿಗೆ ಹತ್ತಿ ತುರುಕಿದೆಯಾ? ಅಮ್ಮ ಕಳಿಸಿದ ಒಣ ಜರ್ದಾಳು ನಿನ್ನ ಬಾಯಿಗೂ ಬಿತ್ತೋ, ಎಲ್ಲವನ್ನೂ ಕೋಣೆಯ ಗೆಳತಿಯರಿಗೆ ಹಂಚಿ ಕೈ ಕೊಡವಿದೆಯೋ? ಮೂಳೆಗಳ ಹೆಸರು ಬಾಯಿಪಾಠ ಮಾಡುವ ಪರೀಕ್ಷೆ ಹೇಗಾಯಿತು? ನಾನು ಗಂಟಲೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ಕ್ಷೇಮ. ತುತ್‌ಜೋರ್ ನಾಟಕಶಾಲೆಯಲ್ಲಿ ಸುಲ್ತಾನನಾಗಿ ಘರ್ಜಿಸಿದ ಗಂಟಲು, ಮೈಕಿನ ಹಂಗಿಲ್ಲದೆ ಕೊನೆಯ ಸಾಲಿನ ಕಿವುಡರನ್ನೂ ಅಳಿಸಿದ ಗಂಟಲು, ಭಾನುವಾರ ಸಂಜೆ ಐದು ನಿಮಿಷದಲ್ಲಿ ಹರಿದು ಚಿಂದಿಯಾಯಿತು. ಈಗ ಮಾತಾಡಿದರೆ ಬಾತುಕೋಳಿ. ನಿನ್ನ ತಾಯಿ ಜುಮ್ರದ್ ಕೂಡ ಕ್ಷೇಮ, ಆದರೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಮ್ಮ ಓಣಿಗೆಲ್ಲ ಒಂದೇ ಟೆಲಿಫೋನು, ಅದು ರೊಟ್ಟಿ ಸುಡುವ ಹಿಕ್ಮತನ ಮನೆಯಲ್ಲಿ. ಈ ಸಂಗತಿಯನ್ನು ಅವನ ಮನೆಯಲ್ಲಿ ನಿಂತು ಹೇಳಲಾರೆ. ಅದಕ್ಕೇ ಕಾಗದ ಹಿಡಿದು ಕೂತೆ.

ನಾವು ಗೆದ್ದೆವು, ಮಗಳೇ. ನಮ್ಮ ಪಿಲ್ಲಾಚಿ, ರೇಷ್ಮೆ ಕಾರ್ಖಾನೆಯ ಹುಡುಗರ ಫುಟ್‌ಬಾಲ್ ತಂಡ, ಗಣರಾಜ್ಯದ ಲೀಗನ್ನೇ ಗೆದ್ದಿತು. ನೀನು ರೇಡಿಯೊದಲ್ಲಿ ಕೇಳಿರುತ್ತೀ. ರೇಡಿಯೊ ಹೇಳದ ಸಂಗತಿ ಒಂದಿದೆ. ಗೋಲಾದ ಮರುಕ್ಷಣವೇ ನಿನ್ನ ತಂದೆ, ಎಲ್ಲರೆದುರಿಗೆ, ಹಿಕ್ಮತನ ಜೊತೆ ರೊಟ್ಟಿ ಮುರಿದ. ನಿನ್ನ ಹೆಸರಿನಲ್ಲಿ, ಅವನ ಮಗ ಇಲ್ಹೋಮನಿಗೆ. ನಮ್ಮಲ್ಲಿ ಇಬ್ಬರು ತಂದೆಯರು ಒಂದೇ ರೊಟ್ಟಿಯ ಎರಡು ಅಂಚು ಹಿಡಿದು ಮುರಿದರೆ ಏನರ್ಥವೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಶ್ಚಿತಾರ್ಥ ಮುಗಿಯಿತು, ಇನ್ನು ಬಾಕಿ ಇರುವುದು ಮದುವೆಯ ಅಡುಗೆ.

ಆಗಸ್ಟಿನಲ್ಲಿ ಬಸ್ಸು ಹತ್ತುವಾಗ ನೀನು ನನ್ನ ತೋಳು ಹಿಡಿದು ಹೇಳಿದ್ದು ಕಿವಿಯಲ್ಲೇ ಇದೆ. "ಅಪ್ಪಾ, ಓದು ಮುಗಿಯೋವರೆಗೆ ನನ್ನ ಹೆಸರನ್ನ ಯಾರ ಮನೇಲೂ ಎತ್ತಬೇಡ. ನೀನು ಮಾತಿನ ಭರದಲ್ಲಿ ಎಲ್ಲಾನೂ ಕೊಟ್ಟುಬಿಡ್ತೀಯ." ನಾನು ಎದೆ ಮುಟ್ಟಿಕೊಂಡು ನಕ್ಕಿದ್ದೆ.

ಹೀಗಾದದ್ದು ಹೇಗೆ, ಕೇಳು. ಪಿಲ್ಲಾಚಿ ಗೆದ್ದ ದಿನ ಎಂಬ ಮಾತಿಗೆ ನಮ್ಮೂರಲ್ಲಿ ಏನು ಅರ್ಥವೆಂದು ನಿನಗೆ ಗೊತ್ತಲ್ಲ. ಕೋಳಿಗೆ ಹಲ್ಲು ಬಂದ ದಿನ, ಅಷ್ಟೇ. ಎರವಲು ಕತ್ತೆ ಕೇಳಿದವನಿಗೂ ಅದೇ ಉತ್ತರ, ರಜೆ ಕೇಳಿದವನಿಗೂ ಅದೇ ಉತ್ತರ. ಕ್ಷೌರದ ನಬಿ ತನ್ನ ಕುದುರೆಬಾಲದ ಮೀಸೆಯನ್ನು ಆ ದಿನ ಬೋಳಿಸುವೆನೆಂದ. ಭೂಗೋಳದ ಮೇಷ್ಟ್ರು ರಹ್ಮತುಲ್ಲಾ ಬಟ್ಟೆಯ ಸಮೇತ ಕಾಲುವೆ ಈಜುವೆನೆಂದರು. ಹಿಕ್ಮತ್ ಪ್ರತಿ ಪಂದ್ಯಕ್ಕೂ ತಂದೂರಿನಿಂದ ಆಗತಾನೆ ತೆಗೆದ ರೊಟ್ಟಿಯನ್ನು ಕೋಟಿನೊಳಗೆ ಇಟ್ಟುಕೊಂಡು ಬಂದು ನನ್ನ ಪಕ್ಕ ಕೂರುತ್ತಿದ್ದ, ಸೋತಾಗಲೆಲ್ಲ ನನ್ನ ಬೆನ್ನು ತಟ್ಟಿ, "ಇರಲಿ ಬಿಡೋ ತುರೋಬ್, ಪಿಲ್ಲಾಚಿ ಗೆದ್ದರೆ ನಾವು ಬೀಗರು" ಎನ್ನುತ್ತಿದ್ದ. ನಾನೂ "ಆಗಲಪ್ಪಾ, ನನ್ನ ಬರ್ನೋ ನಿನ್ನ ಸೊಸೆ" ಎನ್ನುತ್ತಿದ್ದೆ. ನೀನು ತೊಟ್ಟಿಲಲ್ಲಿದ್ದಾಗಿನಿಂದ ಈ ಮಾತು ನಡೆದಿದೆ. ಬಾರದ ದಿನಕ್ಕೆ ಮಾತು ಕೊಡುವುದು ಎಷ್ಟು ಸುಲಭ ನೋಡು. ಇಡೀ ಊರು ಹಾಗೆ ಮಾತು ಕೊಟ್ಟು ಹಾಯಾಗಿ ಬಾಳುತ್ತಿತ್ತು.

ಆ ದಿನ ಬಂದೇಬಿಟ್ಟಿತು. ಕೊನೆಯ ಪಂದ್ಯ, ನಮ್ಮ ಮೈದಾನ, ಎದುರಿಗೆ ರಾಜಧಾನಿಯ ತಂಡ. ಸಮ ಮಾಡಿದರೂ ಲೀಗು ಅವರದ್ದು, ನಮಗೆ ಗೆಲುವೇ ಬೇಕು. ಒಂದಕ್ಕೆ ಒಂದು. ಸಮಯ ಮುಗಿದು ತೀರ್ಪುಗಾರ ಗಡಿಯಾರ ನೋಡಿಕೊಳ್ಳುತ್ತಿದ್ದಾನೆ. ಅವರ ಆಟಗಾರರು ಬೆಂಚಿನಿಂದೆದ್ದು ಗೆರೆಯ ಬಳಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದಾರೆ, ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ. ನಮಗೆ ಕೊನೆಯ ಕಾರ್ನರ್. ಎಲ್ಲರೂ ಮುಂದೆ ಹೋದರು. ಮುಸೋ ಕೂಡ ಹೋದ. ಮುಸೋ ಯಾರು, ನೆನಪಿದೆಯಲ್ಲ? ಹಿಂದೆ ಕಂಬದಂತೆ ನಿಲ್ಲುವ ಆ ದಪ್ಪನೆಯ ಆಟಗಾರ. "ಲೋ ಮುಸೋ, ಚೆಂಡು ನಿನ್ನ ಕಾಲು ಮುಟ್ಟಿದರೆ ಅದಕ್ಕೇ ನಾಚಿಕೆ ಆಗುತ್ತೆ" ಎಂದು ಈ ಗಂಟಲೇ ಅವನನ್ನು ಹೀಯಾಳಿಸಿತ್ತು. ಚೆಂಡು ಬಂತು. ಹತ್ತು ತಲೆ ಎದ್ದವು, ಯಾರಿಗೂ ಎಟುಕಲಿಲ್ಲ. ಮುಸೋ ಎಡವಿ ಬೀಳುತ್ತಿದ್ದ. ಬೀಳುತ್ತಿದ್ದವನ ಮೊಣಕಾಲಿಗೆ ಬಡಿದ ಚೆಂಡು, ಅವಸರವೇ ಇಲ್ಲದವರ ಹಾಗೆ, ಉರುಳುತ್ತಾ ಉರುಳುತ್ತಾ ಗೆರೆ ದಾಟಿತು.

ಆಮೇಲೆ ನಾನು ನಾನಾಗಿರಲಿಲ್ಲ. ರಂಗದ ಮೇಲೆ ಎಷ್ಟೋ ಸಲ ಸಂತೋಷವನ್ನು ಅಭಿನಯಿಸಿದ್ದೇನೆ, ಸಿಂಹಾಸನ ಸಿಕ್ಕ ಸಂತೋಷ, ಸತ್ತನೆಂದುಕೊಂಡ ಮಗ ಬಂದ ಸಂತೋಷ. ಅದೆಲ್ಲ ಬಣ್ಣ. ನಿಜವಾದದ್ದು ಬಂದಾಗ ಏನು ಮಾಡಿದೆನೋ ನನಗೇ ನೆನಪಿಲ್ಲ. ಗೊತ್ತಿಲ್ಲದ ಪೊಲೀಸಿನವನ ಟೋಪಿ ತೆಗೆದು ಅವನ ಬೋಳುತಲೆಗೆ ಮುತ್ತಿಟ್ಟೆನಂತೆ. ನನ್ನಪ್ಪನನ್ನು ಕರೆದೆನಂತೆ, ತೀರಿಕೊಂಡವನನ್ನು, ಬಂದು ನೋಡು ಎಂದು. ಆಗ ಹಿಕ್ಮತ್ ಎದುರಿಗೆ ನಿಂತಿದ್ದ. ಅವನ ಗಡ್ಡವೆಲ್ಲ ಒದ್ದೆ. ಕೋಟಿನೊಳಗಿಂದ ರೊಟ್ಟಿ ತೆಗೆದು ಎರಡೂ ಕೈಯಲ್ಲಿ ಚಾಚಿದ. ನಾನೂ ಹಿಡಿದೆ. ಬೆಚ್ಚಗಿತ್ತು ಇನ್ನೂ. ಮುರಿಯಿತು. ಹಿಂದಿನ ಸಾಲಿನಲ್ಲಿದ್ದ ಎರ್ಗಾಶ್ ಅಜ್ಜ, ನಮ್ಮ ಮೊಹಲ್ಲಾದ ಹಿರಿಯ, ಕೈ ಎತ್ತಿ ಆಶೀರ್ವಾದ ಶುರು ಮಾಡಿಯೇಬಿಟ್ಟ. ಸಾಲಿಗೆ ಸಾಲೇ ಆಮೀನ್ ಎಂದು ಮುಖದ ಮೇಲೆ ಕೈ ಇಳಿಸಿತು. ನಾನೂ ಇಳಿಸಿದೆ. ಇಳಿಸಿದ ಕೈಯ ಬೆರಳುಗಳ ನಡುವೆ ಹಿಕ್ಮತನ ಮುಖ ಕಂಡಿತು ನೋಡು, ಆಗ ಗೊತ್ತಾಯಿತು, ಇವನಿಗೆ ಇದು ಎಂದೂ ತಮಾಷೆಯಾಗಿರಲಿಲ್ಲ.

ಸೋಮವಾರ ಬೆಳಗ್ಗೆ ಅವನ ಹೆಂಡತಿ ಸನೋಬರ್ ಇಬ್ಬರು ಮುತ್ತೈದೆಯರ ಜೊತೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಉಡುಗೊರೆಯ ಗಂಟು ತಂದಳು. ನಿನ್ನ ತಾಯಿ ಚಹಾ ಕೊಟ್ಟಳು, ನಕ್ಕಳು, ಗಂಟನ್ನು ಪೆಟ್ಟಿಗೆಯ ಮೇಲಿಟ್ಟಳು. ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಒಪ್ಪಿದಂತೆ, ಹಿಂದಿರುಗಿಸಿದರೆ ಅವರ ಮುಖಕ್ಕೆ ಮಸಿ ಬಳಿದಂತೆ. ಮುಂದಿನ ಭಾನುವಾರ ಬರುತ್ತೇವೆ, ಹುಡುಗಿಯನ್ನು ಕರೆಸಿ ಎಂದು ಹೇಳಿ ಹೋಗಿದ್ದಾರೆ. ಅವರು ಬಾಗಿಲು ದಾಟಿದ ಮೇಲೆ ಜುಮ್ರದ್ ನನ್ನತ್ತ ತಿರುಗಿ, "ಮುಸೋಗೂ ನಿನಗೂ ಏನೂ ವ್ಯತ್ಯಾಸವಿಲ್ಲ. ಇಬ್ಬರೂ ಎಡವಿ ಬೀಳ್ತಾ ಒದ್ದಿರಿ. ಅವನದ್ದು ಚೆಂಡು, ನಿನ್ನದು ಮಗಳು" ಎಂದಳು. ಅಲ್ಲಿಗೆ ಅವಳ ಮಾತು ನಿಂತಿತು.

ನಾನು ಸುಮ್ಮನೆ ಕೂತಿಲ್ಲ. ಮಂಗಳವಾರ ಧೈರ್ಯ ಮಾಡಿ ಹಿಕ್ಮತನ ತಂದೂರಿನ ಬಳಿ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಮೊದಲನೆಯ ಅಂಕದ ಮಾತು, ಎರಡನೆಯ ಅಂಕದ ಮಾತು. ಅವನು ತಲೆಯನ್ನು ಒಲೆಯೊಳಗಿಟ್ಟು ಹಿಟ್ಟು ಬಡಿಯುತ್ತಿದ್ದವನು ಹೊರಗೆ ಬಂದು, "ಬನ್ನಿ ಬೀಗರೇ ಬನ್ನಿ, ಇನ್ನು ಮೇಲೆ ನೀವು ನೀವೇ, ಲೋ ಅಂತ ಕರೆಯೋಕೆ ನಮಗೆಲ್ಲಿ ಅಧಿಕಾರ" ಎಂದ. ಗಿರಾಕಿಗಳೆಲ್ಲ ನಕ್ಕರು. ಇಲ್ಹೋಮ್ ಒಳಗಿನಿಂದ ನನ್ನನ್ನು ನೋಡಿ, ಕಿವಿಯವರೆಗೆ ಕೆಂಪಾಗಿ, ಬರಿಗೈಯಲ್ಲೇ ಸುಡುವ ರೊಟ್ಟಿ ಎತ್ತಿಬಿಟ್ಟ. ಒಳ್ಳೆಯ ಹುಡುಗ, ಬರ್ನೋ. ಕುಡಿಯುವುದಿಲ್ಲ, ಅಮ್ಮನ ಮೇಲೆ ದನಿ ಎತ್ತುವುದಿಲ್ಲ. ನನ್ನ ಎರಡೂ ಅಂಕ ಮರೆತುಹೋದವು. ಹಿಕ್ಮತ್ ಕೊಟ್ಟ ರೊಟ್ಟಿಗಳನ್ನು ಕಂಕುಳಲ್ಲಿಟ್ಟುಕೊಂಡು ಕಳ್ಳನ ಹಾಗೆ ಮನೆಗೆ ಬಂದೆ.

ಊರೇ ಹರಕೆ ತೀರಿಸುತ್ತಿದೆ. ನಬಿ ತುಟಿ ಬೋಳಿಸಿಕೊಂಡು ಕುಳಿತಿದ್ದಾನೆ, ಅವನ ಮೊಮ್ಮಗಳು ಗುರುತು ಸಿಗದೆ, ಯಾರೋ ಬಂದರೆಂದು ಅತ್ತಳಂತೆ. ಮೇಷ್ಟ್ರು ಕಾಲುವೆ ಈಜಿ ಜ್ವರ ಹತ್ತಿ ಮಲಗಿದ್ದಾರೆ, ಆದರೂ ಮೀಸೆಯಡಿ ನಗು. ಇಷ್ಟು ಜನ ಕೊಟ್ಟ ಮಾತು ಉಳಿಸಿಕೊಂಡಿರುವಾಗ ನಾನೊಬ್ಬ ಹೇಗೆ ತಪ್ಪಲಿ? ಸುಲ್ತಾನನ ಪಾತ್ರ ಮಾಡಿದವನು, ಮಾತು ತಪ್ಪಿದ ಮಂತ್ರಿಗಳ ತಲೆ ತೆಗೆಸಿದವನು. ನನ್ನ ಇಡೀ ಜೀವಮಾನದಲ್ಲಿ ಕಾದದ್ದು ಒಂದೇ ಗೋಲಿಗೆ. ಕಣ್ಣು ಮುಚ್ಚಿ ಅದನ್ನು ಮತ್ತೆ ನೋಡೋಣವೆಂದರೆ ಚೆಂಡು ಗೆರೆಯ ತನಕ ಬರುತ್ತದೆ, ಅಲ್ಲಿ ರೊಟ್ಟಿಯಾಗಿ ಮುರಿದುಹೋಗುತ್ತದೆ. ಊರೆಲ್ಲ ಡೋಲು ಬಡಿಯುತ್ತಿದೆ, ನಾನು ಕಿಟಕಿ ಹಾಕಿಕೊಂಡಿದ್ದೇನೆ.

ಆದ್ದರಿಂದ ಯೋಚಿಸಿ ಒಂದು ದಾರಿ ಹುಡುಕಿದ್ದೇನೆ. ನೀನು ಶನಿವಾರದ ಬಸ್ಸಿಗೆ ಬಾ. ಭಾನುವಾರ ಒಂದು ತಾಸು ತಲೆವಸ್ತ್ರ ಹೊದ್ದು ಕೂತು, ಅವರಿಗೆ ಚಹಾ ಬಗ್ಗಿಸಿ ಕೊಡು, ಸಾಕು. ಮದುವೆಯ ದಿನವನ್ನು ನಾನು ಎಳೆಯುತ್ತೇನೆ. ಓದು ಎನ್ನುತ್ತೇನೆ, ನನ್ನ ಕಾಯಿಲೆ ಎನ್ನುತ್ತೇನೆ, ಕಾಯಿಲೆಯ ಅಭಿನಯ ನನಗೇನು ಕಷ್ಟ. ಆಗ ಯಾರ ಮುಖವೂ ಕೆಳಗಾಗುವುದಿಲ್ಲ. ಕಾಲ ಕಳೆದಂತೆ ನಿನಗೂ ಇಲ್ಹೋಮನ ಒಳ್ಳೆಯತನ ಕಾಣಬಹುದು. ನಿನ್ನ ನೀಲಿ ಅಟ್ಲಾಸ್ ರೇಷ್ಮೆಯ ಉಡುಪನ್ನು ಮರೆಯದೆ ತಾ.

ಹಾಸ್ಟೆಲಿನ ಮೇಲ್ವಿಚಾರಕಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಉಣ್ಣು, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ. ನಿನ್ನ ದಾರಿ ಬೆಳಕಾಗಿರಲಿ, ನಿನ್ನ ಕೈಯಲ್ಲಿ ರೋಗಿಗಳಿಗೆ ಗುಣವಿರಲಿ, ಕೆಟ್ಟ ಕಣ್ಣು ಬೀಳದಂತೆ ದೇವರು ನಿನ್ನನ್ನು ಕಾಯಲಿ.

ನಿನ್ನ ತಂದೆ,
ತುರೋಬ್

ತಾ.ಕ. ಈ ಕಾಗದ ಒಯ್ಯಬೇಕಾದ ಬಸ್ಸಿನ ಸೋಬಿರ್ ಓಣಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈ ಪತ್ರವನ್ನು ನಿನ್ನ ತಾಯಿಗೆ ಓದಿ ಹೇಳಿದೆ. ಹರಿದ ಗಂಟಲಿನಲ್ಲೇ, ಏರಿಳಿತ ಬಿಡದೆ ಓದಿದೆ, ಅಳುತ್ತಾಳೆ ಅಂದುಕೊಂಡೆ. ಅವಳು ಮೂರು ದಿನದ ಮೌನ ಮುರಿದು, "ಚೆನ್ನಾಗಿದೆ. ಇದರಲ್ಲಿ ನಿನಗೆ ಇಷ್ಟವಾ ಅಂತ ಅವಳನ್ನ ಕೇಳಿದ್ದು ಎಲ್ಲಿ?" ಎಂದಳು. ಹುಡುಕಿದೆ, ಮಗಳೇ. ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕಿದೆ. ಜರ್ದಾಳಿನ ಬಗ್ಗೆ ಕೇಳಿದ್ದೇನೆ, ಕಿಟಕಿಯ ಬಗ್ಗೆ ಕೇಳಿದ್ದೇನೆ.

ಬರಬೇಡ. ಶನಿವಾರದ ಬಸ್ಸು ಹತ್ತಬೇಡ. ಯಾರು ಹೇಳಿ ಕಳಿಸಿದರೂ, ನಾನೇ ಸಾಯುತ್ತಿದ್ದೇನೆಂದು ಸುದ್ದಿ ಬಂದರೂ, ವರ್ಷದ ಕೊನೆಯ ಪರೀಕ್ಷೆ ಮುಗಿಸಿಯೇ ಬಾ. ಗಂಟು ನನ್ನ ಕಂಕುಳಲ್ಲಿದೆ, ನಿನ್ನ ತಾಯಿಯೇ ಎತ್ತಿ ಕೊಟ್ಟಳು. ಎರ್ಗಾಶ್ ಅಜ್ಜ, ನಬಿ, ಅಂದು ಆಮೀನ್ ಅಂದವರೆಲ್ಲ ಈಗ ಚಾಯ್‌ಖಾನೆಯಲ್ಲಿದ್ದಾರೆ. ಅವರೆದುರಿಗೇ ಹೇಳಬೇಕು, ತಪ್ಪು ನನ್ನದು, ಹುಡುಗಿಯದಲ್ಲ, ಹುಡುಗನದಂತೂ ಅಲ್ಲವೇ ಅಲ್ಲ ಎಂದು. ಇನ್ನು ಮೈದಾನದಲ್ಲಿ ನನ್ನ ಪಕ್ಕ ಯಾರು ಕೂರುತ್ತಾರೋ ಗೊತ್ತಿಲ್ಲ. ಬಾಗಿಲಲ್ಲೇ ನಿಂತಿದ್ದೇನೆ. ಓಣಿಯಾಚೆಯ ಚಾಯ್‌ಖಾನೆಯಿಂದ ಹಿಕ್ಮತ್ ನನ್ನನ್ನು ಕಂಡು, ಪಕ್ಕದ ದಿಂಬು ತಟ್ಟುತ್ತಾ, ಬೀಗರೇ ಬೇಗ ಬನ್ನಿ, ಚಹಾ ಆರ್ತಾ ಇದೆ ಎಂದು ಕೂಗುತ್ತಿದ್ದಾನೆ.