ಪಟ್ಟಿಯಲ್ಲಿ ತಂಗಿ ಎರಡು ಕಡೆ

ಅಮ್ಮನಿಗೆ ನಮಸ್ಕಾರ.

ಈಗ ಸಂಜೆ ಐದು ಗಂಟೆ. ಹಗಲೆಲ್ಲ ತಂಗಿಯ ಕೋಣೆ ಖಾಲಿ ಮಾಡಿ, ಅವಳು ತಂದಿಟ್ಟಿದ್ದ ಪುಸ್ತಕಗಳನ್ನು ಅವಳು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟುಬಂದೆ. ಅಲ್ಲಿ ಗೋಡೆಯ ಮೇಲೆ ಮನಃಶಾಸ್ತ್ರ ಸಂಶೋಧಕರ ಪಟ್ಟಿಯಿದೆ. ಒಬ್ಬರ ಬರಹವನ್ನು ಉಳಿದವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಕಂಪ್ಯೂಟರ್ ಎಣಿಸಿ ಸ್ಥಾನ ಕೊಡುತ್ತದಂತೆ. ನಮ್ಮವಳು ಎರಡು ಕಡೆ ಇದ್ದಾಳೆ. ಅಪ್ಪನ ಹೆಸರಿನ ಜೊತೆ ನಲವತ್ತೊಂದನೆಯವಳು, ಗಂಡನ ಹೆಸರಿನ ಜೊತೆ ಐವತ್ತಾರನೆಯವಳು.

"ಕಂಪ್ಯೂಟರಿಗೆ ಮದುವೆ ಆಗಿದ್ದು ಗೊತ್ತಾಗಲ್ಲ ಅಕ್ಕಾ," ಎಂದರು ಗ್ರಂಥಪಾಲಕಿ. "ಎರಡೂ ಸೇರಿಸಿದ್ರೆ ಹದಿನೆಂಟಕ್ಕೆ ಬರ್ತಾರೆ. ಈ ತಿಂಗಳೇ ಮೂವತ್ತು ಉಲ್ಲೇಖ ಜಾಸ್ತಿ ಆಗಿದೆ ನೋಡಿ."

"ಅವಳು ತೀರಿಹೋಗಿ ಎರಡು ತಿಂಗಳಾಯ್ತಲ್ಲಮ್ಮಾ?" ಎಂದೆ.

"ಅದೂ ಅದಕ್ಕೆ ಗೊತ್ತಿಲ್ಲ."

ಎಷ್ಟೋ ದಿನದ ಮೇಲೆ ನನಗೆ ನಗು ಬಂತು. ಸೇರಿಸಲು ಮದುವೆಯ ದಾಖಲೆ ತೋರಿಸಿ ಮನೆಯವರು ಸಹಿ ಹಾಕಬೇಕಂತೆ. ನಾಡಿದ್ದು ಈ ವರ್ಷದ ಪಟ್ಟಿ ಅಚ್ಚಿಗೆ ಹೋಗುತ್ತದೆ. ಅಪ್ಪನ ಹೆಸರು ಬಿಟ್ಟಳೆಂದು ನೀನು ಮುನಿಸಿಕೊಂಡಿದ್ದೆಯಲ್ಲ, ಇನ್ನು ಎರಡೂ ಒಂದೇ ಸಾಲಿನಲ್ಲಿರುತ್ತವೆ.

ನನ್ನ ಬೆನ್ನುನೋವು ಇಳಿದಿದೆ, ಮಾತ್ರೆಯೂ ಇದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ದಾಖಲೆ ಅವಳ ಪೆಟ್ಟಿಗೆಯಲ್ಲೇ ಸಿಕ್ಕಿತು. ನಾಳೆ ಗ್ರಂಥಾಲಯ ಹತ್ತಕ್ಕೆ ತೆರೆಯುತ್ತದೆ.

ನಿನ್ನ ದೊಡ್ಡವಳು