ನನ್ನ ಮುಖದ ಅಳತೆ

ಮಾರ್ಚ್ ೧೪, ಗುರುವಾರ

ಅಣ್ಣನ ಮಗಳಿಗೆ ನನ್ನ ಬಂದೂಕಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತ ಎರಡು ವರ್ಷವಾಯಿತು. ಅದರ ಮೇಲಿನ ದುರ್ಬೀನಿನಂಥ ಸ್ಕೋಪಿನಲ್ಲಿ ನೋಡಲು ಅವಳು ಕತ್ತು ಎತ್ತಿದಾಗಲೆಲ್ಲ, "ಕೆನ್ನೆ ಮರಕ್ಕೆ ಒತ್ತಿ ಹಿಡಿ, ಸೋಮಾರಿ" ಎಂದು ಗದರಿದ್ದೇನೆ. ಕತ್ತು ನೋಯುತ್ತದೆ ಎಂದರೆ ನೆಪ ಎಂದಿದ್ದೇನೆ. ಹೋದ ತಿಂಗಳು ತಂಡದ ಆಯ್ಕೆಯಲ್ಲಿ ಸೋತಳು.

ಇವತ್ತು ಬಂದೂಕಿನ ಮರದ ಹಿಡಿ ಉಜ್ಜಲು ಬಂದ ಬಡಗಿ ಅವಳನ್ನೇ ಗಮನಿಸುತ್ತಿದ್ದ. "ಹುಡುಗಿ ತಪ್ಪಿಲ್ಲ ಸಾರ್. ಈ ಹಿಡಿ ನಿಮ್ಮ ಮುಖದ ಅಳತೆಗಿದೆ. ಕೆನ್ನೆ ಇಟ್ರೆ ಅವಳ ಕಣ್ಣು ಸ್ಕೋಪಿಗಿಂತ ಕೆಳಗೇ ಉಳಿಯುತ್ತೆ" ಎಂದ. ಕೆನ್ನೆ ತಾಗುವಲ್ಲಿ ಬೆರಳು ದಪ್ಪದ ಮರದ ಪಟ್ಟಿ ಕೂರಿಸಿದ. ಅವಳ ಕಣ್ಣು ತಾನಾಗಿಯೇ ಸ್ಕೋಪಿನ ನೇರಕ್ಕೆ ಬಂತು.

"ಈಗ ಆರಾಮಾಗಿದೆ ಚಿಕ್ಕಪ್ಪ," ಎಂದು ನಕ್ಕಳು. ಕತ್ತು ನೋಯುತ್ತೆ ಅಂತ ಆಗಲೇ ಹೇಳಿದ್ದೆನಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. "ಹ್ಞೂ, ಇನ್ನೊಂದು ಹೊಡಿ" ಎಂದೆ, ಅಷ್ಟೇ. ನಾಳೆ ಬೆಳಿಗ್ಗೆ ಅವಳು ಬಂದ ಕೂಡಲೇ, ಬಂದೂಕು ಕೈಗೆತ್ತಿಕೊಳ್ಳುವ ಮೊದಲೇ, ತಪ್ಪಾಯ್ತು ಎನ್ನಬೇಕು.