ಕಂಬಗಳ ನಡುವಿನ ಗೋಡೆ

ನೆರೆ ಆಶ್ರಯ ಕಟ್ಟಡಗಳ ಉಸ್ತುವಾರಿ ಹೊತ್ತ ಇಂಜಿನಿಯರ್ ಸಾಹೇಬರೇ,

ಕಪಿಲೆಯ ದಂಡೆಯಲ್ಲಿ ಕಂಬಗಳ ಮೇಲೆ ನಿಂತಿದ್ದ ನಮ್ಮ ಆಶ್ರಯಕ್ಕೆ, ಆ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದವರು ನೀವು. ಕಳೆದ ಶ್ರಾವಣದಲ್ಲಿ ಆ ಗೋಡೆ ನಮ್ಮನ್ನು ಕೊಲ್ಲಲು ಹೊರಟಿತ್ತು. ಈಗ ಅದರ ಬಿರುಕಿಗೆ ಸಿಮೆಂಟು ಮೆತ್ತಿಸಿ ಸುಣ್ಣ ಹೊಡೆಸುತ್ತಿದ್ದೀರಿ.

ಮೂಲ ನಕ್ಷೆ ಮಾಡಿದವರು ತಿಳಿದವರು. ಹೊಳೆ ಉಕ್ಕಿದರೆ ನೀರು ಹರಿದುಹೋಗಲೆಂದು ಕೆಳಗೆ ಬಯಲು ಬಿಟ್ಟಿದ್ದರು. ಸೂರನ್ನು ತಗ್ಗಿಸಿ, ಕಬ್ಬಿಣದ ಪಟ್ಟಿಗಳಿಂದ ಕಂಬಗಳಿಗೆ ಬಿಗಿದಿದ್ದರು. ಆಷಾಢದ ಗಾಳಿಗೆ ಒಂದು ಶೀಟೂ ಅಲುಗಲಿಲ್ಲ. ಇಂಥ ಕಟ್ಟಡವನ್ನು ಕೆಡಿಸಲು ಪ್ರತಿಭೆ ಬೇಕು. ಇಲಾಖೆ ನಿಮ್ಮನ್ನು ಕಳಿಸಿತು.

ನೀವು ಮರೆತಿರಬಹುದು, ನಾನು ಮರೆತಿಲ್ಲ. ತಪಾಸಣೆಗೆ ಬಂದ ದಿನ ಕಂಬಕ್ಕೆ ಕಟ್ಟಿದ್ದ ಎಮ್ಮೆಯನ್ನು ನೋಡಿ ಕೆರಳಿದಿರಿ.

"ಸರ್ಕಾರಿ ಬಿಲ್ಡಿಂಗು ನಿಮ್ಮ ಕೊಟ್ಟಿಗೇನಮ್ಮಾ?"

"ಮಳೆ ಬಂತು ಸಾ. ಅದೂ ಜೀವ ಅಲ್ವಾ?" ಎಂದಳು ಎಮ್ಮೆಯ ಒಡತಿ ಚಿನ್ನಮ್ಮ.

"ಸುತ್ತ ಗೋಡೆ ಹಾಕಿಸ್ತೀನಿ. ಆಗ ಎಲ್ಲಿ ಕಟ್ತೀಯೋ ನೋಡೋಣ."

ಹೊಳೆ ಬಂದರೆ ನೀರು ಎಲ್ಲಿಂದ ಹೋಗಬೇಕು ಎಂದು ಕೇಳಿದೆ. "ಹೊಳೆಗೆ ದಾರಿ ಗೊತ್ತು ಕಣ್ರೀ, ನೀವು ಹೇಳ್ಕೊಡ್ಬೇಡಿ" ಎಂದಿರಿ. ನಿಮ್ಮ ಹಿಂದೆ ನಿಂತವರು ನಕ್ಕರು. ಯಾರು ಯಾರು ನಕ್ಕರೆಂಬುದೂ ನೆನಪಿದೆ.

ನೆರೆ ಬಂತು. ಇಡೀ ಕೇರಿಯ ಜನ ಆಶ್ರಯ ಹತ್ತಿದ್ದರು. ಒಂದು ಎಮ್ಮೆಯನ್ನು ದೂರವಿಡಲು ಕಟ್ಟಿದ ಗೋಡೆ ಒಂದು ನದಿಯನ್ನು ತಡೆಯಲು ಹೋಗಿ, ಮೂಲೆಯ ಕಂಬವನ್ನೂ ಎಳೆದುಕೊಂಡು ವಾಲಿತು. ಕಾಲ ಕೆಳಗಿನ ನೆಲ ಇಳಿಜಾರಾಯಿತು. ಚಿನ್ನಮ್ಮ ಜಾರಿದಳು. ಮಗ ಮಾದು ಸೆರಗು ಹಿಡಿಯದಿದ್ದರೆ ಕಪಿಲೆಯ ಪಾಲಾಗುತ್ತಿದ್ದಳು. ಸೊಂಟ ಮುರಿದು ಇಂದಿಗೂ ಮಲಗಿದಲ್ಲೇ ಇದ್ದಾಳೆ. ನೀವು ಸುಣ್ಣ ಹೊಡೆಸುತ್ತಿರುವ ಸುದ್ದಿಯನ್ನು ಅವಳಿಗೆ ಹೇಳಿದೆ.

"ಈ ಸಲ ಒಳೆ ಬಂದಾಗ ಆ ಮೂಲೇಲಿ ಸಾಯೇಬ್ರನ್ನೇ ನಿಲ್ಸಿ ಕಣ್ರಪ್ಪಾ" ಎಂದಳು.

ನಿಮಗೆ ಅಷ್ಟು ಕಷ್ಟ ಕೊಡುವುದಿಲ್ಲ. ಮುಂಗಾರಿಗೆ ಮುಂಚೆ ಗೋಡೆ ಒಡೆಸಿ, ಕಂಬ ಬಲಪಡಿಸಿ. ಇಲ್ಲವಾದರೆ ಬಸವ ಜಯಂತಿಯ ಮರುದಿನ, ಹಗಲಿನಲ್ಲೇ, ಹಾರೆ ಹಿಡಿದು ನಾವೇ ಒಡೆಯುತ್ತೇವೆ. ಪೊಲೀಸರೊಂದಿಗೆ ಬನ್ನಿ. ಸರ್ಕಾರಿ ಆಸ್ತಿ ಹಾಳುಮಾಡಿದ ಕೇಸು ಹಾಕಿ, ದಯವಿಟ್ಟು ಹಾಕಿ. ಆ ಗೋಡೆಯನ್ನು ಏಕೆ ಕಟ್ಟಿಸಿದಿರೆಂದು ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ನಿಮ್ಮ ಬಾಯಿಂದಲೇ ನೀವು ಹೇಳಬೇಕಾಗುತ್ತದೆ. ಚಿನ್ನಮ್ಮನನ್ನು ಮಂಚದ ಸಮೇತ ಹೊತ್ತು ತಂದು ಎದುರಿಗೆ ಇಳಿಸುತ್ತೇವೆ.

ಇಂತಿ,
ಆ ಕೇಸಿನಲ್ಲಿ ಮೊದಲ ಆರೋಪಿಯಾಗಲು ಕಾದಿರುವ
ಶಿವಮಲ್ಲಪ್ಪ
ತಿ. ನರಸೀಪುರ ತಾಲ್ಲೂಕು